ಮಚ್ಚೆ ಅಳಿಸುವ ಮುನ್ನ

ಗದಗ, ಫೆಬ್ರವರಿ ೩೧, ೨೧೯೪

ಭುವನೇಶ್ವರಿ ಅಜ್ಜಿಯವರಿಗೆ, ನಿಮ್ಮ ಮಗಳು ಅನ್ವಿತಾಳ ವಂಶದಲ್ಲಿ ಆರನೆಯ ತಲೆಮಾರಿನ ಚಿನ್ಮಯಿಯ ನಮಸ್ಕಾರಗಳು.

ತಾರೀಖು ತಪ್ಪಿಲ್ಲ. ಬೇಸಿಗೆ ಹಿಗ್ಗಿದ ಮೇಲೆ ನಮ್ಮವರು ತಿಂಗಳುಗಳನ್ನೂ ಹಿಗ್ಗಿಸಿಕೊಂಡರು. ನಿಮ್ಮ ಕಾಲದ ಕನ್ನಡವನ್ನು ನಾನು ಕಾಲೇಜಿನಲ್ಲಿ ಓದಿ ಕಲಿತವಳು. ಸಾಲದ್ದಕ್ಕೆ ಹೆತ್ತಾಗಿನಿಂದ ನೆಟ್ಟಗೆ ನಿದ್ದೆಯಿಲ್ಲ. ಮಾತು ಎಲ್ಲಾದರೂ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮನ್ನು ಅಜ್ಜಿ ಎನ್ನುವುದೂ ವಿಚಿತ್ರವೇ. ಇದನ್ನು ಓದುವಾಗ ನೀವು ನನಗಿಂತ ಚಿಕ್ಕವರು, ತೊಡೆಯ ಮೇಲೆ ಹಸಿರು ಅಂಗಿ ತೊಟ್ಟ ಅನ್ವಿತಾ ಇದ್ದಾಳೆ, ಕೈಯಲ್ಲಿ ಫೋನಿದೆ. ನಾವು ಹಿಂದಂಚೆ ಎನ್ನುವ ಈ ಏರ್ಪಾಟಿನಲ್ಲಿ ಪತ್ರ ಹಿಂದಿನ ಕಾಲಕ್ಕೆ ಹೋಗುತ್ತದೆ, ಆದರೆ ಯಾರಾದರೂ ಫೋಟೊ ಸಿದ್ಧಮಾಡಿ ಇನ್ನೂ ಶೇರ್ ಒತ್ತದೆ ಕೂತಿರುವ ಪರದೆಗೆ ಮಾತ್ರ. ಮುಟ್ಟಿತೋ ಇಲ್ಲವೋ ಎಂದು ಕೇಳುವ ದಾರಿ ನಮಗಿಲ್ಲ.

ನನ್ನ ಕೂಸಿಗೂ ಎಡಗೆನ್ನೆಯಿಂದ ಕಿವಿಯ ಹಿಂದಿನವರೆಗೆ ದಾಳಿಂಬೆ ಬಣ್ಣದ ಮಚ್ಚೆ ಇದೆ. ಹುಟ್ಟಿದೊಡನೆ ಸೂಲಗಿತ್ತಿ ನೋಡಿ ಕೆನ್ನೆಯ ಮೇಲೆ ಬಟ್ಟೆ ಎಳೆದಳು. ಯಾಕೆಂದರೆ ಇಲ್ಲಿ ಹೊಸ ಮಚ್ಚೆಗೆ ಎಲ್ಲರೂ ಹೆದರುತ್ತಾರೆ. ಕೆಟ್ಟ ನೀರಿನ ವರ್ಷಗಳಲ್ಲಿ ಮೈಮೇಲೆ ಕಲೆ ಎದ್ದ ಮಕ್ಕಳು ಉಳಿಯಲಿಲ್ಲ. ಅಂದಿನಿಂದ ಮನೆತನದಲ್ಲಿ ಹಿಂದೆ ಕಾಣದ ಕಲೆಯನ್ನು ಎಳೆತನದಲ್ಲೇ ಸುಟ್ಟು ತೆಗೆಯಬೇಕೆಂಬ ಕಾನೂನಿದೆ. ಕಿವಿಯ ಹತ್ತಿರದ್ದನ್ನು ಸುಟ್ಟರೆ ಹೆಚ್ಚಿನ ಮಕ್ಕಳಿಗೆ ಆ ಕಿವಿ ಮತ್ತೆ ಕೇಳುವುದಿಲ್ಲ. ವಂಶದಲ್ಲಿ ಬಂದ ಮಚ್ಚೆಯಾದರೆ ಯಾರೂ ಮುಟ್ಟುವುದಿಲ್ಲ. ಅದಕ್ಕೆ ಒಂದೇ ಸಾಕ್ಷಿ, ಫೋಟೊ.

ಅದನ್ನು ನೋಡಲು ಚಿತ್ರಕಣಜಕ್ಕೆ ಹೋಗಬೇಕು. ನಿಮ್ಮ ಕಾಲದಿಂದ ಇತ್ತ ಜನ ಶೇರ್ ಮಾಡಿದ ಫೋಟೊಗಳನ್ನೆಲ್ಲ ತುಂಬಿಟ್ಟ ಸರ್ಕಾರಿ ಉಗ್ರಾಣ ಅದು. ಬಾಣಂತಿಯರು ನೆಲದ ಮೇಲೆ ಸಾಲಾಗಿ ಕೂತು ಹಾಲು ಕುಡಿಸುತ್ತಿರುತ್ತಾರೆ. ಹೆಸರು ಕೂಗಿದಾಗ ಎದ್ದು ಹೋಗಿ ನಿಂತರೆ ಗೋಡೆಯ ಮೇಲೆ ಆ ಮನೆತನದ ಮುಖಗಳೆಲ್ಲ ಹಳೆಯದರಿಂದ ಹೊಸದರವರೆಗೆ ಮೆರವಣಿಗೆ ಹೊರಡುತ್ತವೆ. ನಮ್ಮ ಸಾಲಿನಲ್ಲಿ ಮೊದಲು ಬಂದವರು ನೀವು. ಆಮೇಲೆ ಅನ್ವಿತಾ: ಉಣ್ಣುತ್ತಾ, ಅಳುತ್ತಾ, ಶಾಲೆಗೆ ಹೋಗುತ್ತಾ, ಮದುವೆಯಾಗುತ್ತಾ. ಮಚ್ಚೆ ಎಲ್ಲೂ ಇಲ್ಲ. ಚರ್ಮವೆಲ್ಲ ಮೇಣ ಸವರಿದಂತೆ ನುಣುಪು. ನಮ್ಮತ್ತೆ ಗೋಡೆ ನೋಡಿ ನಕ್ಕೇಬಿಟ್ಟರು.

"ನಿಮ್ಮ ಮನಿತನದಾಗ ಯಾರಿಗೂ ಒಂದು ಮೊಡವಿ ಸೈತ ಆಗಿಲ್ಲ ನೋಡವಾ. ನೀವು ಮ್ಯಾಲಿನ ಲೋಕದಿಂದ ಇಳದು ಬಂದಿರೇನ?"

ನನಗೆ ನಗು ಬರಲಿಲ್ಲ. ಅನ್ವಿತಾಗೆ ಇಂಥದೇ ಮಚ್ಚೆ ಇತ್ತು, ಆಕೆ ಅದನ್ನಿಟ್ಟುಕೊಂಡೇ ತೊಂಬತ್ತು ವರ್ಷ ಬಾಳಿದಳು ಎಂದು ನನ್ನ ತಾಯಿ, ತಾಯಿಯ ತಾಯಿ ಹೇಳುತ್ತಾ ಬಂದದ್ದನ್ನು ಕೇಳಿ ಬೆಳೆದವಳು ನಾನು. ಹಸಿರು ಅಂಗಿಯ ಫೋಟೊದ ಕೆಳಗೆ ಯಾರೋ ಸೋದರತ್ತೆ ಕೇಳಿದ್ದಾರೆ, ಮಗಳ ಕೆನ್ನೆಯ ಮಚ್ಚೆ ಎಲ್ಲಿ ಹೋಯಿತು ಎಂದು. ನೀವು ಉತ್ತರ ಬರೆದಿದ್ದೀರಿ: "ಎಡಿಟ್ ಮಾಡೇನ್ರಿ ಅತ್ಯಾ. ಇಲ್ಲಂದ್ರ ಕೂಸಿನ ಬಿಟ್ಟು ಎಲ್ಲಾರೂ ಅದನ್ನ ನೋಡತಾರ." ಅಷ್ಟೇ ಅಲ್ಲ, ಅಳಿಸಿ ನುಣುಪು ಮಾಡಿದ ಅದೇ ಕೆನ್ನೆಗೆ, ನೂರಾರು ಕಣ್ಣು ಬೀಳುತ್ತವೆಂದು, ಬೆರಳಿನಿಂದಲೇ ಪರದೆಯ ಮೇಲೆ ಕಪ್ಪು ದೃಷ್ಟಿಬೊಟ್ಟು ಇಟ್ಟಿದ್ದೀರಿ. ಕೂಸಿಗೆ ಹುಟ್ಟಿನಿಂದಲೇ ಬಂದ ಗುರುತನ್ನು ಒರೆಸಿ, ಚಂದ ಹೆಚ್ಚಾಯಿತೆಂದು ನೀವೇ ಒಂದು ಕಲೆ ಹಚ್ಚಿದಿರಿ. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ. ನಾನಾಗಿದ್ದರೂ ಇಡುತ್ತಿದ್ದೆ.

ಸೋದರತ್ತೆಯ ಪ್ರಶ್ನೆಯನ್ನೂ ನಿಮ್ಮ ಉತ್ತರವನ್ನೂ ಕಣಜದ ಅಧಿಕಾರಿಣಿಗೆ ತೋರಿಸಿದೆ. ಕೆಟ್ಟವಳಲ್ಲ ಆಕೆ, ಕೂಸನ್ನು ಎತ್ತಿಕೊಂಡು ಆಡಿಸಿದಳು, ನನಗೆ ಕುಡಿಯಲು ನೀರು ಕೊಟ್ಟಳು.

"ಮಾತು ಯಾರು ಬೇಕಾದ್ರೂ ಬರೀತಾರವಾ," ಎಂದಳು. "ಒಂದು ಫೋಟೊ ತೋರಸು, ನಾನ ಸಹಿ ಹಾಕತೀನಿ."

ಎಲ್ಲಿಂದ ತೋರಿಸಲಿ? ಎಡಿಟ್ ಮಾಡುವ ಮೊದಲಿನ ಫೋಟೊಗಳನ್ನು ನೀವು ಫೋನಿನಲ್ಲಿ ಜಾಗ ಸಾಲದೆಂದು ಅಳಿಸುತ್ತಾ ಬಂದಿರಿ. ಕಣಜಕ್ಕೆ ಬಂದದ್ದು ಶೇರ್ ಮಾಡಿದ್ದು ಮಾತ್ರ. ತಾಯಿ ಅಳಿಸಿದ್ದನ್ನು ನೋಡಿ ಬೆಳೆದ ಅನ್ವಿತಾ ದೊಡ್ಡವಳಾದ ಮೇಲೆ ತಾನೂ ಅಳಿಸಿದಳು.

ನನ್ನ ಗಂಡ ಗುರುಪಾದ ಒಳ್ಳೆಯವನು, ಆದರೆ ಸೋತಿದ್ದಾನೆ. ಒಂದು ಕಿವಿ ಉಳಿಯುತ್ತದಲ್ಲ, ಎಷ್ಟೋ ಜನ ಅಷ್ಟರಲ್ಲೇ ಬಾಳುತ್ತಾರೆ ಎನ್ನುತ್ತಾನೆ. ಹೇಳುವಾಗ ನನ್ನ ಮುಖ ನೋಡುವುದಿಲ್ಲ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಕ್ರಾಪ್ ಮಾಡಿ, ಬೆಳಕು ಹೆಚ್ಚಿಸಿ, ಹಿಂದೆ ಒಣಹಾಕಿದ ಬಟ್ಟೆಗಳು ಕಾಣದ ಹಾಗೆ ಮಾಡಿ. ದೃಷ್ಟಿಬೊಟ್ಟನ್ನೂ ಇಡಿ, ಬೇಡವೆನ್ನುವುದಿಲ್ಲ. ಆ ಕಲೆ ಅಳಿಸುವ ಗುಂಡಿಯಿಂದ ಮಾತ್ರ ಬೆರಳು ತೆಗೆಯಿರಿ. ಎಲ್ಲ ಫೋಟೊಗಳಲ್ಲಿ ಬೇಡ, ಈ ಒಂದರಲ್ಲಿ ಸಾಕು. ಯಾರಾದರೂ ಅದೇನೆಂದು ಕೇಳಿದರೆ, ನಮ್ಮ ಕೂಸಿನದು ಎಂದುಬಿಡಿ.

ನಾಳೆ ಸುಡುವವರ ಹತ್ತಿರ ಹೋಗುವ ಮೊದಲು ಕಣಜದ ಗೋಡೆಯ ಮುಂದೆ ಇನ್ನೊಮ್ಮೆ ನಿಲ್ಲಲು ಅಧಿಕಾರಿಣಿ ಒಪ್ಪಿದ್ದಾಳೆ. ನೀವು ಅಳಿಸದೆ ಬಿಟ್ಟಿದ್ದರೆ ಹಸಿರು ಅಂಗಿಯ ಫೋಟೊದಲ್ಲಿ ಮಚ್ಚೆ ಅಲ್ಲಿ ಕಾಣಬೇಕು. ಮಚ್ಚೆ ಉಳಿಸುವುದೋ ಸುಡುವುದೋ ಎಂದು ಕೂಸಿನ ಮುಖ ಗೊತ್ತುಮಾಡುವ ತನಕ ನಮ್ಮಲ್ಲಿ ಹೆಸರಿಡುವ ಹಾಗಿಲ್ಲ. ಆದರೂ ಇಷ್ಟು ಬರೆದು ಮುಗಿಸಿ, ಯಾರಿಗೂ ಹೇಳದೆ, ಮಗಳ ಎಡಗಿವಿಯಲ್ಲಿ ಅವಳ ಹೆಸರು ಹೇಳಲಿದ್ದೇನೆ. ಆ ಕಿವಿ ಒಮ್ಮೆಯಾದರೂ ಅದನ್ನು ಕೇಳಿರಲಿ.

ನಿಮ್ಮವಳೇ ಆದ,
ಚಿನ್ಮಯಿ