ಅತ್ತೆಯ ಕಾಲಿಗೆ ಹಳದಿ ಶೂ

ಮಾನಸಿ,

ಗಂಜಿ ಕುಕ್ಕರಿನಲ್ಲಿದೆ, ಉಪ್ಪಿನಕಾಯಿ ಮೇಲಿನ ಶೆಲ್ಫಿನಲ್ಲಿ.

ನಿನ್ನ ಹಳದಿ ಪ್ಲಾಸ್ಟಿಕ್ ಶೂ ಹುಡುಕಬೇಡ. ನಿನ್ನೆ ನೀನು ಆಫೀಸಿಗೆ ಹೋದ ಮೇಲೆ, ಸಡಿಲವಾದರೂ ಅದನ್ನೇ ಹಾಕಿಕೊಂಡು ಮಾರ್ಕೆಟ್ಟಿಗೆ ಹೋಗಿದ್ದೆ. ನಿನಗೆ ಗೊತ್ತಾಗಬಾರದೆಂದು ತೊಳೆದು ಬಾಲ್ಕನಿಯ ಬಿಸಿಲಿಗಿಟ್ಟರೆ ಒಂದು ಬೆರಳಷ್ಟು ಕುಗ್ಗಿಬಿಟ್ಟಿತು!

ಶೂ ಮೇಲಿನ ತೂತುಗಳಿಗೆ ನೀನು ಸಿಕ್ಕಿಸಿದ್ದ ಪ್ಲಾಸ್ಟಿಕ್ ಹೂ, ಚಿಟ್ಟೆ ಎಲ್ಲ ತೆಗೆದು ನಿನ್ನ ಬಳೆಡಬ್ಬಿಯಲ್ಲಿಟ್ಟಿದ್ದೇನೆ. ಚೆರ್ರಿ ಒಂದು ಶೂ ಮೇಲೇ ನನಗಿರಲಿ.

ಕೊಳೆ ಕಾಣುವುದಿಲ್ಲವೆಂದು ಮೂವತ್ತು ವರ್ಷ ನನಗೆ ಕಪ್ಪು ಚಪ್ಪಲಿಯನ್ನೇ ತಂದವರು ನಿನ್ನ ಮಾವ. ಈಗ ಅವರೆದುರೇ ಈ ಶೂ ಹಾಕಿ ಎರಡು ಸಲ ಓಡಾಡಿದೆ. ಪೇಪರಿನಿಂದ ತಲೆ ಎತ್ತಲಿಲ್ಲ.

ಟಿಟ್ವಾಳಾ ಗಣಪತಿ ಗುಡಿಗೆ ಹೋಗಿ ಬರುತ್ತೇನೆ. ಶೂ ನನ್ನ ಅಳತೆಗೇ ಮಾಡಿಸಿದ ಹಾಗಿದೆ. ಸಂಜೆ ಬೈಯುವುದಾದರೆ ಬೈ ಮಾರಾಯ್ತಿ, ಮೊದಲು ಒಮ್ಮೆ ನನ್ನ ಕಾಲು ನೋಡು.

ಅತ್ತೆ