ಬಚ್ಚಲ ಕಟ್ಟೆ

ಕೊಟ್ಟೂರು
12 ಫೆಬ್ರವರಿ 2025

ಪ್ರೀತಿಯ ಗೀತವ್ವಾ,

ಹೇಗಿದ್ದೀ ಮಗಳೇ? ಊಟ ಸೇರುತ್ತಿದೆಯಾ? ಹಾಲು ಕಟ್ಟಿ ಎದೆ ನೋಯುವುದು ಕಡಿಮೆಯಾಯಿತಾ? ಜ್ವರ ಬಂದರೆ ಮುಚ್ಚಿಡಬೇಡ, ನಿಮ್ಮತ್ತೆಗೆ ಹೇಳು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ನನಗೆ ಅಳು ಬಂದು ಮಾತೇ ಹೊರಡುವುದಿಲ್ಲ. ಅದಕ್ಕೇ ಈ ಕಾಗದ. ನಾಳೆ ಹಿರೇಹಡಗಲಿಗೆ ಬರುವ ನಿಮ್ಮಪ್ಪನ ಕೈಯಲ್ಲಿ ಕೊಡುತ್ತಿದ್ದೇನೆ.

ಆಪರೇಷನ್ ಆದ ನನ್ನ ಮೊಣಕಾಲು ಪರವಾಗಿಲ್ಲ. ಹೊಲಿಗೆ ಬಿಚ್ಚಿದ್ದಾರೆ. ವ್ಯಾಯಾಮ ಹೇಳಿಕೊಡಲು ಆಸ್ಪತ್ರೆಯ ಹುಡುಗ ಶಾಕೀರ ಮನೆಗೇ ಬರುತ್ತಾನೆ. ಮಂಚದ ಮೇಲೆ ಕಾಲು ಚಾಚಿ, ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತಬೇಕು. ಆಮೇಲೆ ಹಿಮ್ಮಡಿಯನ್ನು ನಿಧಾನವಾಗಿ ಎಳೆದುಕೊಂಡು ಕಾಲು ಮಡಚಬೇಕು. ನೋವಿಗೆ ಅವನ ಮನೆತನವನ್ನೆಲ್ಲ ಬೈದಿದ್ದೇನೆ, ಪಾಪ. ಆದರೂ ಮೊದಮೊದಲು ನಾನೇ ಅವನನ್ನು ಬಿಡುತ್ತಿರಲಿಲ್ಲ, ಇನ್ನೊಮ್ಮೆ ಮಾಡಿಸು ಎನ್ನುತ್ತಿದ್ದೆ. ಕಾಲು ನೆಟ್ಟಗಾದರೆ ತಾನೇ ಅದರ ಮೇಲೆ ಕೂಸನ್ನು ಮಲಗಿಸಿ ಎರೆಯುವುದು? ಹೆರಿಗೆ ಅಲ್ಲೇ ಆಗಲಿ, ನನ್ನ ಕಾಲು ಗುಣವಾದ ಮೇಲೆ ಬಾಣಂತನಕ್ಕೆ ಇಲ್ಲಿಗೆ ಕರೆತರೋಣ ಎಂದಲ್ಲವೇ ನಾವು ಮಾತಾಡಿಕೊಂಡದ್ದು? ಜೋಳವನ್ನು ಹಳೇ ಸೀರೆಯಲ್ಲಿ ಗಂಟು ಕಟ್ಟಿ, ಕಾಲ ಮೇಲೆ ಮಲಗಿಸಿಕೊಂಡು ರೂಢಿ ಮಾಡುತ್ತಿದ್ದೆ. ಶಾಕೀರ ನೋಡಿ ನಕ್ಕುಬಿಟ್ಟ. "ಹೊನ್ನೂರಮ್ಮಾರ, ಈ ವ್ಯಾಯಾಮ ನಾ ಹೇಳಿಲ್ಲಲ್ರಿ! ಕಾಲಮ್ಯಾಲ ಭಾರ ಹಾಕಬ್ಯಾಡ್ರಿ" ಎಂದ. ನಾನು ನೆಲಕ್ಕೆ ಕೂರುವಂತಿಲ್ಲ ಎಂದು ನಿಮ್ಮಪ್ಪ ಬಚ್ಚಲಲ್ಲಿ ಎತ್ತರದ ಕಟ್ಟೆಯನ್ನೇ ಕಟ್ಟಿಸಿದರು, ಕಾಲು ಚಾಚುವಷ್ಟು ಅಗಲವಾಗಿ. ಅದರ ಸಿಮೆಂಟು ಇನ್ನೂ ಹಸಿಯಿದ್ದಾಗಲೇ ನಿನ್ನ ಕೂಸು ಉಸಿರಾಡಲಿಲ್ಲವೆಂಬ ಸುದ್ದಿ ಬಂತು.

ಆ ಗಂಟು ಬಿಚ್ಚಲು ನನಗೆ ಕೈ ಬರಲಿಲ್ಲ ಗೀತಾ. ನಿಮ್ಮಪ್ಪನೇ ಬಿಚ್ಚಿ ಜೋಳವನ್ನು ಚೀಲಕ್ಕೆ ಸುರಿದರು, ಸೀರೆ ಮಡಚಿ ನನ್ನ ತಲೆದಿಂಬಿನ ಪಕ್ಕ ಇಟ್ಟರು. ಆಮೇಲೆ ನಾನು ಕಾಲು ಮಡಚಲೂ ಇಲ್ಲ, ಚಾಚಲೂ ಇಲ್ಲ. ಶಾಕೀರ ಬಂದು ಟವೆಲ್ ಸುತ್ತಿ ಮಂಚದ ಮೇಲಿಟ್ಟು ಹೋದ. ಇನ್ನು ಯಾರಿಗಾಗಿ ಮಾಡಲಿ ಅನ್ನಿಸುತ್ತಿತ್ತು. "ಕೂಸೇ ಇಲ್ಲದ ಮ್ಯಾಲ ಯಾತರ ಬಾಣಂತನ ಯವ್ವಾ, ನಾ ಬರಂಗಿಲ್ಲ" ಎಂದು ನೀನು ಫೋನಿನಲ್ಲಿ ಅಂದದ್ದು ಕಿವಿ ಬಿಟ್ಟು ಹೋಗುವುದೇ ಇಲ್ಲ. ಈಗ ಮತ್ತೆ ಟವೆಲ್ ಒತ್ತಲು ಹಿಡಿದಿದ್ದೇನೆ. ಯಾಕೆಂದು ಶಾಕೀರನಿಗೂ ಹೇಳಿಲ್ಲ.

ಅಳಿಯಂದಿರಿಗೂ ನಿಮ್ಮತ್ತೆಗೂ ನನ್ನ ನಮಸ್ಕಾರ ಹೇಳು. ದೇವರು ನಿನ್ನ ಮೈಗೆ ಬಲ ಕೊಡಲಿ ಮಗಳೇ.

ನಿನ್ನ ಅವ್ವ,
ಹೊನ್ನೂರಮ್ಮ

ತಾ.ಕ.: ನಿಮ್ಮಪ್ಪ ನಿನ್ನನ್ನು ಕರೆತರಲೆಂದೇ ಬರುತ್ತಿದ್ದಾರೆ, ಒಲ್ಲೆ ಅನ್ನಬೇಡ. ಕೂಸು ಹೋದರೂ ಹೆತ್ತ ಮೈ ನಿನ್ನದು. ಅದಕ್ಕೆ ಎಣ್ಣೆ ಬೇಕು, ಬಿಸಿನೀರು ಬೇಕು. ನಿನ್ನೆ ವಾಕರ್ ಹಿಡಿದು ಬಚ್ಚಲ ತನಕ ನಡೆದೆ. ಒಂದು ಕೈ ಗೋಡೆಗೆ ಕೊಟ್ಟು, ಇನ್ನೊಂದರಲ್ಲಿ ತುಂಬಿದ ತಂಬಿಗೆ ಎತ್ತಿ ನೋಡಿದೆ. ಎತ್ತಲು ಬರುತ್ತದೆ. ಕಟ್ಟೆ ಮೇಲೆ ನೀನು ಕೂತುಕೋ, ನಾನು ನಿಂತು ಎರೆಯುತ್ತೇನೆ.