ಹಿಂದಿನವರಿಗೆ ಬಿಡದ ದಾರಿ

ಫೆಬ್ರುವರಿ 2, ಭಾನುವಾರ, ಬೆಳಿಗ್ಗೆ 7
ಚಹಾ ಆಯಿತು. ಕಬ್ಬು ಕಡಿದ ಹೊಲದಲ್ಲಿ ಇಂದೂ ಮೂವತ್ತು ಚೆಂಡು ಹೊಡೆದೆ. ಒಂದು ಕಾಲುವೆ ದಾಟಿತು. ಇಡೀ ಕಬ್ಬೂರಿಗೆ ಗಾಲ್ಫ್ ತಂದವನು ನಾನು — ಏಳನೇ ಇಯತ್ತೆಗೆ ಶಾಲೆ ಬಿಟ್ಟವನು! ಅಣ್ಣನ ಮಗಳು ದೀಪಾಲಿಗೆ ಕಲಿಸಿದ್ದೂ ನಾನೇ. ಈಗ ನನಗಿಂತ ಚೆನ್ನಾಗಿ ಆಡುತ್ತಾಳೆ. ಹೊರಗೆ ಹೇಳುವುದಿಲ್ಲ.
ಮುಂದಿನ ಭಾನುವಾರ ನಿಪ್ಪಾಣಿ ಹತ್ತಿರದ ಮೈದಾನದಲ್ಲಿ ಸ್ಪರ್ಧೆ. ಅತಿ ಕಡಿಮೆ ಹೊಡೆತದಲ್ಲಿ ಆಟ ಮುಗಿಸಿದ ಹುಡುಗಿಗೆ ಪುಣೆಯಲ್ಲಿ ಒಂದು ವರ್ಷ ತರಬೇತಿ. ಆಡುವುದು ಜೋಡಿಯಾಗಿ, ಎಣಿಕೆ ಬೇರೆ ಬೇರೆ. ಅವಳ ಜೋಡಿ ಎಂದು ನನ್ನ ಹೆಸರು ಬರೆಸಿದೆ. ಅವಳನ್ನು ಕೇಳಲಿಲ್ಲ.

ಫೆಬ್ರುವರಿ 9, ಸಂಜೆ
ಒಂದೇ ಹೊಡೆತದಲ್ಲಿ ದೀಪಾಲಿ ಸೋತಳು. ರಾಯಬಾಗದ ಮನಿಷಾ ಗೆದ್ದಳು. ಬರೆಯಲು ಮನಸ್ಸಿಲ್ಲ.

ಫೆಬ್ರುವರಿ 13
ಬರೆದೇಬಿಡುತ್ತೇನೆ.
ನೋಡುವ ಜನ ಇದ್ದರು. ಪ್ರತಿ ಹೊಡೆತಕ್ಕೂ ಮುಂಚೆ ನಾಲ್ಕು ಸಲ ಗಾಳಿಯಲ್ಲಿ ಕೋಲು ಬೀಸಿದೆ. ಚೆಂಡು ಜಾಲಿಯ ಮುಳ್ಳುಕಂಟಿಯಲ್ಲಿ ಹೋದಾಗ ಆರಾಮಾಗಿ ಹುಡುಕಿದೆ. ನಮ್ಮ ಮುಂದೆ ಮೈದಾನ ಖಾಲಿ. ಹಿಂದೆ ಅಥಣಿಯ ಬಸವಂತನ ಜೋಡಿ ಸೊಂಟಕ್ಕೆ ಕೈ ಇಟ್ಟು ನಿಂತಿತ್ತು.
"ಕಾಕಾ, ಅವರನ್ನ ಮುಂದ ಬಿಡೂಣ್ರಿ," ಅಂದಳು ದೀಪಾಲಿ.
"ಸಕ್ಕರಿ ಫ್ಯಾಕ್ಟರಿ ಗೇಟಿನ್ಯಾಗ ಎರಡೆರಡ ದಿನ ನಿಂತೇನಿ, ಒಬ್ಬಗೂ ಪಾಳಿ ಬಿಟ್ಟಿಲ್ಲ. ಈ ಅಥಣಿಯವ್ರಿಗೆ ಬಿಡ್ಲೇನ? ನೀ ಆಡ."
ಕಬ್ಬಿನ ಪಾಳಿಯಲ್ಲಿ ಒಬ್ಬನಿಗೆ ಬಿಟ್ಟರೆ ಹತ್ತು ಟ್ರ್ಯಾಕ್ಟರ್ ನುಗ್ಗುತ್ತವೆ. ಇಲ್ಲಿ ಹಾಗಲ್ಲ. ನಿಧಾನ ಆಡುವವನು ಪಕ್ಕಕ್ಕೆ ಸರಿದು ಕೈ ಬೀಸಬೇಕು, ಅದೇ ಮರ್ಯಾದೆ. ಗೊತ್ತಿತ್ತು. ಗೊತ್ತಿದ್ದೂ...
ತೀರ್ಪುಗಾರನಾಗಿದ್ದ ಸುಬೇದಾರ ಈಶ್ವರ ಗಡಿಯಾರ ತೋರಿಸಿ ಎಚ್ಚರಿಸಿದ. ನಕ್ಕು, ಅವನಿಗೂ ಫ್ಯಾಕ್ಟರಿ ಗೇಟಿನ ನನ್ನ ಪರಾಕ್ರಮದ ಕಥೆ ಹೇಳಿದೆ. ಎರಡನೇ ಸುತ್ತಿನಲ್ಲಿ ಹೊಡೆತ ಎಣಿಸುವ ಚೀಟಿಯ ಮೇಲೆ ಬರೆದೇಬಿಟ್ಟ — ನಿಧಾನಕ್ಕೆ ದಂಡ, ಇಬ್ಬರ ಎಣಿಕೆಗೂ ಎರಡೆರಡು ಹೊಡೆತ ಜಾಸ್ತಿ. ಪಾಪ, ಅವಳು ಓಡಿ ಓಡಿ ಆಡುತ್ತಿದ್ದಳು. ಜೋಡಿ ಅಂದಮೇಲೆ ಜೋಡಿ. ಆ ಎರಡು ಇಲ್ಲದಿದ್ದರೆ ಅವಳೇ ಗೆಲ್ಲುತ್ತಿದ್ದಳು.
ವಾಪಸ್ ಬರುವಾಗ ಗಾಡಿಯಲ್ಲಿ ಕೋಲುಗಳ ಮಣ್ಣು ಒಂದೊಂದಾಗಿ ಒರೆಸುತ್ತ ಕೂತಳು. ಬೈದಿದ್ದರೆ ಚೆನ್ನಾಗಿತ್ತು.

ಫೆಬ್ರುವರಿ 16
ಹೇಗೆ ಸೋತಳು ಎಂದು ಅಣ್ಣ ವಿರುಪಾಕ್ಷಪ್ಪ ಕೇಳಿದ. "ಕಡೀಕ ಹುಡುಗಿ ಕೈ ನಡುಗಿತು," ಅಂದೆ. ಬಾಯಿಂದ ಬಂದುಬಿಟ್ಟಿತು. ಒಳಗೆ ದೀಪಾಲಿ ರೊಟ್ಟಿ ಬಡಿಯುತ್ತಿದ್ದಳು. ಸಪ್ಪಳ ನಿಂತಿತು. ಮತ್ತೆ ಶುರುವಾಯಿತು.
ಕೈ ನಡುಗುವವಳಿಗೆ ಆ ಆಟ ಸಾಕು, ಇನ್ನು ಮೈದಾನಕ್ಕೆ ಕಳಿಸುವುದಿಲ್ಲ ಅಂದ ಅಣ್ಣ. ನಾನು ಹೌದೆಂದು ತಲೆ ಆಡಿಸಿದೆ. ತಲೆ ಆಡಿಸಿದೆ!

ಫೆಬ್ರುವರಿ 19
ದೀಪಾಲಿ ತನ್ನ ಕೋಲುಗಳ ಚೀಲ ತಂದು ನನ್ನ ಬಾಗಿಲಲ್ಲಿಟ್ಟಳು. ಒರೆಸಿ, ಎಣ್ಣೆ ಹಚ್ಚಿ.
"ನೀವ ಇಟ್ಕೋರಿ ಕಾಕಾ. ನಿಮಗ ಟೈಮ್ ಭಾಳ ಐತಿ."
ಚೀಲ ಒಳಗೆ ತಂದು ಮಂಚದ ಕೆಳಗೆ ದೂಡಿದೆ.

ಫೆಬ್ರುವರಿ 20, ಬೆಳಿಗ್ಗೆ 6.30
ಇಂದು ಹೇಳುತ್ತೇನೆ. ಅಣ್ಣ ತೆಲಸಂಗಕ್ಕೆ ಬೀಗರ ಮನೆಗೆ ಹೊರಟಿದ್ದಾನೆ, ಬರುವುದು ನಾಲ್ಕು ದಿನಕ್ಕೆ. ಅವನು ಹೊರಡುವುದರೊಳಗೆ ಹೇಳಬೇಕು. ಮೊದಲು ಯಾವ ಮಾತು? ದಂಡ ಬಿದ್ದದ್ದು ನನ್ನಿಂದ ಅಂತ. ಇಲ್ಲ, ಮೊದಲು ಸುಳ್ಳು ಹೇಳಿದೆ ಅಂತ. ಇಲ್ಲಿ ಬರೆದುಕೊಂಡು ಹೋದರೆ ತಡವರಿಸುವುದಿಲ್ಲ...
ಮೋಟಾರ್‌ಸೈಕಲ್ ಸ್ಟಾರ್ಟ್ ಆಯಿತು. ಅಣ್ಣಾ, ನಿಲ್ಲು ಅಂತ ಕೂಗಬೇಕು, ಪೆನ್ನು ಇಟ್ಟು ಓಡುತ್ತೇನೆ —